ಕಡಿಮೆ ಬೆಲೆಯ ಗುಂಡಿನ ಅಚ್ಚು: ಅಲ್ಯೂಮಿನಿಯಂ ಸಾಕೆ, ಕಬ್ಬಿಣವೇ ಬೇಕೆ?

ಅಮೆರಿಕದಲ್ಲಿ ಗುರಿ ಅಭ್ಯಾಸವನ್ನು ಹವ್ಯಾಸವಾಗಿ ಇಟ್ಟುಕೊಂಡವರಲ್ಲಿ ಒಂದು ವರ್ಗ ತಮಗೆ ಬೇಕಾದ ಸೀಸದ ಗುಂಡುಗಳನ್ನು ಮನೆಯಲ್ಲೇ ಎರಕ ಹೊಯ್ದುಕೊಳ್ಳುತ್ತದೆ. ಈ ಹವ್ಯಾಸಕ್ಕೆ ಹೊಸದಾಗಿ ಬಂದವರು ಅಂಗಡಿಯ ಮುಂದೆ ಮೊದಲು ತಡವರಿಸುವುದು ಅಚ್ಚಿನ ಬೆಲೆಯ ವಿಷಯದಲ್ಲಿ. ಲೀ ಪ್ರಿಸಿಷನ್ ಕಂಪನಿಯ ಎರಡು ಕುಳಿಗಳ ಅಲ್ಯೂಮಿನಿಯಂ ಅಚ್ಚು ಹಿಡಿಕೆಯನ್ನೂ ಸೇರಿಸಿಕೊಂಡು ಬರುತ್ತದೆ. ಹಾಗಿದ್ದೂ ಅದರ ಬೆಲೆ ಸಾಮಾನ್ಯವಾಗಿ ಲೈಮನ್ ಅಥವಾ ಆರ್‌ಸಿಬಿಎಸ್ ಕಂಪನಿಯ ಹಿಡಿಕೆಯಿಲ್ಲದ ಕಬ್ಬಿಣದ ಅಚ್ಚಿನ ಅರ್ಧಕ್ಕಿಂತಲೂ ಕಡಿಮೆ. ಇಷ್ಟು ಅಗ್ಗದ ವಸ್ತು ಎಷ್ಟು ಕಾಲ ಬಾಳುತ್ತದೆ, ಹೆಚ್ಚು ಹಣ ಕೊಟ್ಟವನಿಗೆ ನಿಜವಾಗಿ ಸಿಗುವುದೇನು ಎಂಬುದು ಈ ಬರಹದ ವಿಷಯ. ಅಗ್ಗದ ಅಚ್ಚುಗಳು ಹಾಳಾಗುವುದು ಸೀಸ ತುಂಬುವ ಕುಳಿ ಸವೆದು ಅಲ್ಲ. ಅಚ್ಚಿನ ಅಲುಗಾಡುವ ಭಾಗಗಳು ಸಡಿಲಗೊಂಡು, ಅಥವಾ ಬಳಸುವವನ ಅವಸರಕ್ಕೆ ಬಲಿಯಾಗಿ. ಕೊಳ್ಳುವ ಮುನ್ನ ಈ ಮಾತು ಮನಸ್ಸಿನಲ್ಲಿದ್ದರೆ ಆಯ್ಕೆ ಬಹುಮಟ್ಟಿಗೆ ಸುಲಭವಾಗುತ್ತದೆ.

ಇಲ್ಲಿ ಗುಂಡು ಎಂದರೆ ತೋಟೆಯ ತುದಿಯಲ್ಲಿರುವ ಸೀಸದ ಭಾಗ ಮಾತ್ರ, ಇಡೀ ತೋಟೆಯಲ್ಲ. ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ಸ್ವಂತ ಬಳಕೆಗಾಗಿ ಇದನ್ನು ಮಾಡಿಕೊಳ್ಳಲು ಪರವಾನಗಿ ಬೇಕಿಲ್ಲ, ಮಾರುವುದಾದರೆ ಬೇಕು. ಭಾರತದಲ್ಲಿ ಪರಿಸ್ಥಿತಿ ಪೂರ್ತಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡಿನ ತಯಾರಿಕೆಗೆ ಪರವಾನಗಿಯನ್ನು ಕಡ್ಡಾಯಗೊಳಿಸಿದೆ, ಮತ್ತು ಅದರ ವ್ಯಾಖ್ಯೆಯಲ್ಲಿ ಮದ್ದುಗುಂಡು ತಯಾರಿಸುವ ಯಂತ್ರೋಪಕರಣಗಳೂ ಸೇರಿವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದೇ ಹೊರತು ತಯಾರಿಕೆಗೆ ಸಂಬಂಧಿಸಿದ್ದಲ್ಲ. ಆದ್ದರಿಂದ ಮುಂದಿನದೆಲ್ಲ ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ತಮ್ಮ ರಾಜ್ಯದ ನಿಯಮಗಳಿಗೆ ಒಳಪಟ್ಟು ಈ ಹವ್ಯಾಸದಲ್ಲಿ ತೊಡಗಿದವರಿಗೆ ಸಂಬಂಧಿಸಿದ್ದು. ಅಲ್ಲಿಯೂ ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವಿದೆ. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿಯಾಗಿ ನಿಷೇಧಿಸಿರುವುದರಿಂದ ಅಲ್ಲಿನವನು ಬೇಟೆಗೆಂದು ದುಬಾರಿ ಅಚ್ಚು ಕೊಂಡರೆ ಹಣ ಹೊಳೆಗೆ ಹಾಕಿದಂತೆ.

ಕಂಪನಿಗಳ ಪರಿಚಯ

ಲೈಮನ್ 1878ರಲ್ಲಿ ಕನೆಕ್ಟಿಕಟ್‌ನಲ್ಲಿ ಆರಂಭವಾದ ಸಂಸ್ಥೆ. ಅಚ್ಚುಗಳ ವಿಷಯದಲ್ಲಿ ಅದಕ್ಕಿರುವ ಹೆಸರಿನ ಮೂಲ ಐಡಿಯಲ್ ಎಂಬ ಇನ್ನೊಂದು ಕಂಪನಿ. 1925ರಲ್ಲಿ ಲೈಮನ್ ಅದನ್ನು ಕೊಂಡುಕೊಂಡಿತು. ಐಡಿಯಲ್ ಕಾಲದ ಸಂಖ್ಯಾ ಪದ್ಧತಿ ಇಂದಿಗೂ ನಡೆಯುತ್ತಿದೆ: 429421 ಎಂಬ ಅಚ್ಚಿನ ಮೊದಲ ಮೂರು ಅಂಕಿಗಳು ಗುಂಡಿನ ವ್ಯಾಸ 0.429 ಇಂಚು ಎಂದು ತಿಳಿಸುತ್ತವೆ, ಉಳಿದ ಮೂರು ವಿನ್ಯಾಸದ ಕ್ರಮಸಂಖ್ಯೆ. ಈ 429421 ಅಮೆರಿಕದ ಬಂದೂಕು ಬರಹಗಾರ ಎಲ್ಮರ್ ಕೀತ್ ರೂಪಿಸಿದ ಪ್ರಸಿದ್ಧ ವಿನ್ಯಾಸ. ಆರ್‌ಸಿಬಿಎಸ್ 1943ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ ಹುಟ್ಟಿತು. ಸೇಕೋ ಹೆಸರಿನ ಅಚ್ಚುಗಳು ನ್ಯೂಯಾರ್ಕ್ ರಾಜ್ಯದ ರೆಡ್ಡಿಂಗ್ ಕಂಪನಿಯವು. ಈ ಮೂರೂ ಕಬ್ಬಿಣ ಅಥವಾ ಉಕ್ಕಿನ ಅಚ್ಚುಗಳು. ಲೀ ಪ್ರಿಸಿಷನ್ ಅನ್ನು ರಿಚರ್ಡ್ ಲೀ 1958ರಲ್ಲಿ ಆರಂಭಿಸಿದರು. ವಿಸ್ಕಾನ್ಸಿನ್‌ನ ಹಾರ್ಟ್‌ಫರ್ಡ್‌ನಲ್ಲಿರುವ ಈ ಕಂಪನಿಯ ಅಚ್ಚುಗಳೆಲ್ಲ ಅಲ್ಯೂಮಿನಿಯಂ. ಇವುಗಳ ನಡುವೆ ಎನ್‌ಒಇ, ಅಕ್ಯುರೇಟ್ ಮೋಲ್ಡ್ಸ್, ಸ್ಲೊವೇನಿಯಾದ ಎಂಪಿ ಮೋಲ್ಡ್ಸ್ ಮುಂತಾದ ಸಣ್ಣ ಕಾರ್ಖಾನೆಗಳಿವೆ. ಅವುಗಳ ಬೆಲೆ ಕಡಿಮೆಯಲ್ಲವಾದರೂ, ಎರಡು ಅಗ್ಗದ ಅಚ್ಚು ಕೊಳ್ಳುವ ಬದಲು ಅಂಥದೊಂದನ್ನು ಕೊಳ್ಳಬಹುದೇ ಎಂಬ ಪ್ರಶ್ನೆ ಎಂದಾದರೊಂದು ದಿನ ಬಂದೇ ಬರುತ್ತದೆ.

ಲೋಹ ಬದಲಾದಾಗ ಕೆಲಸ ಹೇಗೆ ಬದಲಾಗುತ್ತದೆ

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತವರ ಮತ್ತು ಆಂಟಿಮನಿ ಬೆರೆತಾಗ ಮಿಶ್ರಲೋಹ ಇನ್ನೂ ಕೆಳಗಿನ ತಾಪದಲ್ಲಿ ಕರಗುತ್ತದೆಯಾದರೂ ಅಚ್ಚು ಚೆನ್ನಾಗಿ ತುಂಬಬೇಕಾದರೆ ಸಾಮಾನ್ಯವಾಗಿ 370ರಿಂದ 400 ಡಿಗ್ರಿಯ ಸುತ್ತ ಹೊಯ್ಯಬೇಕಾಗುತ್ತದೆ. ಈ ತಾಪದಲ್ಲಿ ಸೀಸವು ಕಬ್ಬಿಣವನ್ನಾಗಲಿ ಅಲ್ಯೂಮಿನಿಯಮನ್ನಾಗಲಿ ಗಣನೀಯವಾಗಿ ಕರಗಿಸಿಕೊಳ್ಳುವುದಿಲ್ಲ. ಮೃದುವಾದ ಸೀಸ ಗಟ್ಟಿ ಲೋಹದ ಕುಳಿಯನ್ನು ಉಜ್ಜಿ ಸವೆಸುವ ಸಾಧ್ಯತೆಯೂ ಅತ್ಯಲ್ಪ. ಅಲ್ಯೂಮಿನಿಯಂ ಮೆತ್ತಗಿನ ಲೋಹವಾದ್ದರಿಂದ ಕುಳಿ ಬೇಗ ದೊಡ್ಡದಾಗುತ್ತದೆ ಎಂಬ ಮಾತು ಹವ್ಯಾಸಿಗಳ ನಡುವೆ ಆಗಾಗ ಕೇಳಿಬರುತ್ತದೆ. ಅದಕ್ಕೆ ಆಧಾರ ಕಾಣೆ.

ಲೋಹದ ವ್ಯತ್ಯಾಸ ಇರುವುದು ಶಾಖದ ನಡವಳಿಕೆಯಲ್ಲಿ. ಅಲ್ಯೂಮಿನಿಯಂ ಮಿಶ್ರಲೋಹ ಬೀಡು ಕಬ್ಬಿಣಕ್ಕಿಂತ ಸುಮಾರು ಮೂರು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಒಂದೇ ಗಾತ್ರದ ತುಂಡು ಹಿಡಿದಿಟ್ಟುಕೊಳ್ಳುವ ಶಾಖ ಮಾತ್ರ ಕಬ್ಬಿಣದ ಮುಕ್ಕಾಲು ಪಾಲಿನಷ್ಟು. ಅಂದರೆ ಅದು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಮೊದಲ ಕೆಲವು ಎರಕಗಳಲ್ಲೇ ಸರಿಯಾದ ಗುಂಡು ಬರತೊಡಗುವುದು ಇದರ ಲಾಭ. ಆದರೆ ಕೈ ನಿಧಾನವಾದರೆ, ನಡುವೆ ಮಾತಿಗೆ ನಿಂತರೆ, ಅಚ್ಚು ತಣ್ಣಗಾಗಿ ಗುಂಡಿನ ಮೇಲೆ ಸುಕ್ಕು ಕಾಣಿಸಿಕೊಳ್ಳುತ್ತದೆ. ಕಬ್ಬಿಣ ಕಾಯಲು ಹೊತ್ತು ಹಿಡಿಯುತ್ತದೆ; ಒಮ್ಮೆ ಕಾದ ಮೇಲೆ ಕೆಲಸಗಾರನ ವೇಗದ ಏರುಪೇರನ್ನು ಸಹಿಸಿಕೊಳ್ಳುತ್ತದೆ. ಸಮನಾದ ಲಯ ಇನ್ನೂ ಕೈಗೆ ಬಾರದ ಹೊಸಬನಿಗೆ ಕಬ್ಬಿಣ ಕ್ಷಮಾಶೀಲ ಎನ್ನುವುದು ಇದೇ ಕಾರಣಕ್ಕೆ. ವಿಚಿತ್ರವೆಂದರೆ ಹೊಸಬರು ಕೊಳ್ಳುವುದು ಬಹುಪಾಲು ಅಲ್ಯೂಮಿನಿಯಮನ್ನೇ.

ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಲ್ಯೂಮಿನಿಯಂನ ಸಾಂದ್ರತೆ 2.7, ಬೀಡು ಕಬ್ಬಿಣದ್ದು 7ಕ್ಕೂ ಮಿಗಿಲು, ಹಿತ್ತಾಳೆಯದು ಸುಮಾರು 8.5. ನಾಲ್ಕು ಕುಳಿಯ ಕಬ್ಬಿಣದ ಅಚ್ಚನ್ನು ಹಿಡಿಕೆಯ ತುದಿಯಲ್ಲಿ ಹಿಡಿದು ಒಂದು ತಾಸು ಎತ್ತಿ ಇಳಿಸಿದವನ ಮಣಿಕಟ್ಟಿಗೆ ಈ ಅಂಕಿಗಳನ್ನು ಯಾರೂ ವಿವರಿಸಬೇಕಾಗಿಲ್ಲ.

ತುಕ್ಕಿನ ಪ್ರಶ್ನೆಯಲ್ಲಿ ಅಲ್ಯೂಮಿನಿಯಂ ನಿರಾಯಾಸವಾಗಿ ಗೆಲ್ಲುತ್ತದೆ. ಫ್ಲೋರಿಡಾ, ಲೂಯಿಸಿಯಾನಾ, ಟೆಕ್ಸಸ್‌ನ ಕರಾವಳಿಯಂಥ ತೇವದ ಪ್ರದೇಶಗಳಲ್ಲಿ ಗ್ಯಾರೇಜಿನಲ್ಲಿಟ್ಟ ಕಬ್ಬಿಣದ ಅಚ್ಚಿಗೆ ಎಣ್ಣೆ ಸವರದೆ ಬಿಟ್ಟರೆ ಒಂದೇ ಮಳೆಗಾಲದಲ್ಲಿ ಕುಳಿಯೊಳಗೆ ಚುಕ್ಕೆಗಳೇಳುತ್ತವೆ. ಎಣ್ಣೆ ಸವರಿದರೆ ಮುಂದಿನ ಸಲ ಎರಕಕ್ಕೆ ಮುನ್ನ ಅದರ ಕೊನೆಯ ಅಂಶವನ್ನೂ ತೆಗೆಯಬೇಕು, ಏಕೆಂದರೆ ಉಳಿದ ಎಣ್ಣೆ ಆವಿಯಾಗಿ ಗುಂಡಿನ ಮೈಯಲ್ಲಿ ಸುಕ್ಕನ್ನು ಮೂಡಿಸುತ್ತದೆ. ವರ್ಷಕ್ಕೆರಡು ಸಲ ಮಾತ್ರ ಎರಕ ಹೊಯ್ಯುವವನಿಗೆ ಈ ಉಪಚಾರ ಒಂದು ಹೊರೆಯೇ ಸರಿ.

ಅಗ್ಗದ ಅಚ್ಚು ಎಲ್ಲಿ ಸೋಲುತ್ತದೆ

ಅಚ್ಚಿನ ಎರಡು ಅರ್ಧಗಳು ಪ್ರತಿ ಬಾರಿಯೂ ಅದೇ ಜಾಗಕ್ಕೆ ಬಂದು ಕೂಡಬೇಕು. ಸೀಸ ಹೊಯ್ಯುವ ತೂತುಗಳಿರುವ ಮೇಲಿನ ತಟ್ಟೆ, ಅಂದರೆ ಸ್ಪ್ರೂ ಪ್ಲೇಟ್, ಸಮತಟ್ಟಾಗಿ ಕುಳಿತು, ಅಡ್ಡಕ್ಕೆ ಸರಿದು, ಸ್ಪ್ರೂ ಎನ್ನುವ ಹೆಚ್ಚುವರಿ ಸೀಸವನ್ನು ಗುಂಡಿನ ತಳದಲ್ಲಿ ಕತ್ತರಿಸಬೇಕು. ಒಂದು ಅಚ್ಚಿನ ಆಯಸ್ಸನ್ನು ತೀರ್ಮಾನಿಸುವುದು ಈ ಎರಡು ಚಲನೆಗಳು. ಲೀ ಅಚ್ಚಿನಲ್ಲಿ ಸ್ಪ್ರೂ ಪ್ಲೇಟಿನ ತಿರುಪು ನೇರವಾಗಿ ಅಲ್ಯೂಮಿನಿಯಂನಲ್ಲಿ ಕೊರೆದ ಎಳೆಗಳಲ್ಲಿ ಕೂರುತ್ತದೆ. ಬಿಸಿಯಲ್ಲಿ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುವುದರಿಂದ ತಿರುಪಿನ ಬಿಗಿ ಕೆಲಸದ ನಡುವೆ ಬದಲಾಗುತ್ತದೆ. ಅದು ಸಡಿಲಾದಾಗ ಪ್ಲೇಟ್ ಮೇಲೆದ್ದು ಗುಂಡಿನ ತಳದಲ್ಲಿ ಸೀಸದ ರೆಕ್ಕೆ ಮೂಡುತ್ತದೆ. ಬಳಸುವವನು ಬೇಸರದಿಂದ ಅತಿಯಾಗಿ ಬಿಗಿದರೆ ಪ್ಲೇಟ್ ಅಚ್ಚಿನ ಮೇಲ್ಮೈಯನ್ನು ಕೆರೆಯುತ್ತದೆ. ಒಮ್ಮೆ ಕೆರೆದ ಮೇಲ್ಮೈಯಲ್ಲಿ ಸೀಸ ಅಂಟಿಕೊಳ್ಳುತ್ತದೆ, ಅಂಟಿದ ಸೀಸ ಮತ್ತಷ್ಟು ಕೆರೆಯುತ್ತದೆ. ಅಲ್ಲಿಂದ ಮುಂದೆ ಇಳಿಜಾರು.

ಕಬ್ಬಿಣದ ಅಚ್ಚಿನಲ್ಲಿ ಇದೇ ತಪ್ಪಿನ ಪರಿಣಾಮ ಬಹಳ ನಿಧಾನ. ಹೆಚ್ಚಿನ ಬೆಲೆಯಲ್ಲಿ ನೀವು ಕೊಳ್ಳುವುದು ಮುಖ್ಯವಾಗಿ ಈ ಸಹನಶಕ್ತಿಯನ್ನು. ಇದನ್ನು ತಾಳ್ಮೆಯಿಂದಲೂ ಗಳಿಸಿಕೊಳ್ಳಬಹುದು ಎಂಬುದು ಲೀ ಪರವಾಗಿ ಹೇಳಬೇಕಾದ ಮಾತು. ಪ್ಲೇಟಿನ ತಿರುಗುಜಾಗಕ್ಕೂ ಜೋಡಣೆಯ ಪಿನ್ನುಗಳಿಗೂ ಅತಿ ಸ್ವಲ್ಪ ಕೀಲೆಣ್ಣೆ ಬೇಕು: ಕಡ್ಡಿಯ ತುದಿಯಲ್ಲಿ ಹಿಡಿದಷ್ಟು ಜೇನುಮೇಣ, ಅಥವಾ ಎರಡು ಸ್ಟ್ರೋಕ್ ಎಂಜಿನ್ನಿನ ಕೃತಕ ಎಣ್ಣೆ. ಅದು ಕುಳಿಯೊಳಗೆ ಹರಿಯಬಾರದು. ಸ್ಪ್ರೂ ಇನ್ನೂ ಪೂರ್ತಿ ಗಟ್ಟಿಯಾಗದ ಹಂತದಲ್ಲಿ, ದಪ್ಪ ಚರ್ಮದ ಕೈಗವಸು ತೊಟ್ಟ ಕೈಯಿಂದಲೇ ಪ್ಲೇಟನ್ನು ಸರಿಸುವ ಅಭ್ಯಾಸ ಮಾಡಿಕೊಂಡರೆ ಸುತ್ತಿಗೆಯ ಅಗತ್ಯವೇ ಬಾರದು. ತಣ್ಣಗಾದ ಸ್ಪ್ರೂವನ್ನು ಹೊಡೆದು ಕತ್ತರಿಸುವುದೇ ಈ ಅಚ್ಚುಗಳ ಅಕಾಲ ಮರಣದ ಮುಖ್ಯ ಕಾರಣ ಎಂಬುದು ನನ್ನ ಅಭಿಪ್ರಾಯ. ಆರು ಕುಳಿಯ ಅಚ್ಚಿನಲ್ಲಿ ಪ್ಲೇಟನ್ನು ತಿರುಗಿಸಲು ಪ್ರತ್ಯೇಕ ಸನ್ನೆಯಿದೆ. ಅಚ್ಚು ಸಾಕಷ್ಟು ಕಾಯುವ ಮೊದಲೇ ಅದರ ಮೇಲೆ ಬಲ ಹಾಕಿದರೆ ಸನ್ನೆ ಬಾಗುತ್ತದೆ ಅಥವಾ ಮುರಿಯುತ್ತದೆ. ಮೊದಲ ಕೆಲವು ಸುತ್ತುಗಳಲ್ಲಿ ಎರಡೋ ಮೂರೋ ಕುಳಿಗಳನ್ನು ಮಾತ್ರ ತುಂಬುವುದು ಸುರಕ್ಷಿತ.

ಜೋಡಣೆಯ ವಿಷಯದಲ್ಲಿ ಲೀ ಕಂಪನಿಯ ಹಳೆಯ ಎರಡು ಕುಳಿಯ ವಿನ್ಯಾಸಕ್ಕಿಂತ ಈಚಿನದು ಸ್ಪಷ್ಟವಾಗಿ ಮೇಲು. ಹಳೆಯದರಲ್ಲಿ ಅಲ್ಯೂಮಿನಿಯಂನಲ್ಲೇ ಕೊರೆದ ತೋಡುಗಳು ಎರಡು ಅರ್ಧಗಳನ್ನು ಒಂದುಗೂಡಿಸುತ್ತಿದ್ದವು, ಅವು ಸವೆಯುತ್ತಿದ್ದವು. ಹೊಸದರಲ್ಲಿ ಉಕ್ಕಿನ ಪಿನ್ನು ಮತ್ತು ಅದು ಕೂರುವ ಬುಷ್ ಎಂಬ ಕೊಳವೆ ಇವೆ. ಹಿಡಿಕೆಯ ಮರದ ತುಂಡು ಶಾಖಕ್ಕೆ ಒಣಗಿ ಕಳಚಿಕೊಳ್ಳುವುದೂ ಉಂಟು, ಅದನ್ನು ಅಂಟಿನಿಂದ ಕೂರಿಸಿದರೆ ಮುಗಿಯಿತು. ಗುಂಡು ಬೀಳದೆ ಅಂಟಿಕೊಂಡಾಗ ಅಚ್ಚಿನ ಮೈಗೆ ಹೊಡೆಯದೆ ಹಿಡಿಕೆಗಳ ತಿರುಗಣೆ ಬೋಲ್ಟಿನ ಮೇಲೆ ಮರದ ತುಂಡಿನಿಂದ ತಟ್ಟಬೇಕು. ಅಚ್ಚನ್ನು ವಿದ್ಯುತ್ ಒಲೆಯ ಮೇಲಿಟ್ಟು ಮುಂಚಿತವಾಗಿ ಕಾಯಿಸುವವರು ತಾಪದ ಮೇಲೆ ಕಣ್ಣಿಡಬೇಕು, ಏಕೆಂದರೆ ಶಾಖೋಪಚಾರದಿಂದ ಗಡಸಾದ ಅಲ್ಯೂಮಿನಿಯಂ ಮಿಶ್ರಲೋಹಗಳು 200 ಡಿಗ್ರಿಗಿಂತ ಮೇಲೆ ಬಹಳ ಹೊತ್ತು ಇದ್ದರೆ ಗಡಸುತನವನ್ನು ಕ್ರಮೇಣ ಕಳೆದುಕೊಳ್ಳುತ್ತವೆ.

ಅಳತೆಯ ನಿಖರತೆ

ಬೆಲೆಯ ವ್ಯತ್ಯಾಸ ಕಾಣಿಸುವ ಇನ್ನೊಂದು ಜಾಗ ಗುಂಡಿನ ವ್ಯಾಸ. ಅಗ್ಗದ ಅಚ್ಚಿನ ಒಂದು ಪ್ರತಿಗೂ ಇನ್ನೊಂದಕ್ಕೂ ಇಂಚಿನ ಸಾವಿರದ ಒಂದೆರಡು ಭಾಗದಷ್ಟು ವ್ಯತ್ಯಾಸವಿರುವುದು, ಗುಂಡು ತುಸು ಅಂಡಾಕಾರವಾಗಿರುವುದು ಅಪರೂಪವಲ್ಲ. ಕಬ್ಬಿಣದ ಅಚ್ಚುಗಳಲ್ಲೂ ಇದು ಕಂಡುಬರುತ್ತದೆ, ಆದರೆ ಕಡಿಮೆ. ಇದರಲ್ಲಿ ಗಮನಿಸಬೇಕಾದ ಅಸಮತೆಯೊಂದಿದೆ: ದಪ್ಪವಾಗಿ ಬಂದ ಗುಂಡನ್ನು ಡೈ ಎಂಬ, ನಿಗದಿತ ಅಳತೆಯ ರಂಧ್ರವಿರುವ ಉಪಕರಣದೊಳಗೆ ತಳ್ಳಿ ಸರಿಪಡಿಸಬಹುದು, ತೆಳುವಾಗಿ ಬಂದದ್ದನ್ನು ಹಾಗೆ ಹಿಗ್ಗಿಸಲಾಗದು. ತೆಳು ಗುಂಡಿನ ಪಕ್ಕದಿಂದ ಬಿಸಿ ಅನಿಲ ನುಗ್ಗಿ ನಳಿಗೆಯೊಳಗೆ ಸೀಸ ಮೆತ್ತಿಕೊಳ್ಳುತ್ತದೆ, ಗುರಿಯೂ ಚದುರುತ್ತದೆ. ಆದ್ದರಿಂದ ಹೊಸ ಅಚ್ಚು ಕೈಗೆ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಒಂದಿಷ್ಟು ಗುಂಡುಗಳನ್ನು ಹೊಯ್ದು, ಪ್ರತಿಯೊಂದು ಕುಳಿಯದನ್ನೂ ಪ್ರತ್ಯೇಕವಾಗಿ, ಸುತ್ತಲೂ ತಿರುಗಿಸಿ ಮೈಕ್ರೋಮೀಟರಿನಿಂದ ಅಳೆಯುವುದು. ಇಲ್ಲಿ ಕ್ಯಾಲಿಪರ್ ಸಾಲದು.

ಅಳೆಯುವಾಗ ಮಿಶ್ರಲೋಹವನ್ನು ಮರೆಯಬಾರದು. ಶುದ್ಧ ಸೀಸ ಆರುವಾಗ ಹೆಚ್ಚು ಕುಗ್ಗುತ್ತದೆ. ಆಂಟಿಮನಿ ಹೆಚ್ಚಿರುವ, ಹಿಂದೆ ಮುದ್ರಣದ ಅಚ್ಚುಮೊಳೆಗೆ ಬಳಸುತ್ತಿದ್ದ ಲೈನೋಟೈಪ್ ಲೋಹ, ಅಂದರೆ ಸೀಸ 84, ಆಂಟಿಮನಿ 12, ತವರ 4 ಭಾಗದ್ದು, ಕಡಿಮೆ ಕುಗ್ಗುತ್ತದೆ. ಒಂದೇ ಅಚ್ಚು ಮೊದಲನೆಯದರಲ್ಲಿ ತೆಳು ಗುಂಡನ್ನೂ ಎರಡನೆಯದರಲ್ಲಿ ದಪ್ಪ ಗುಂಡನ್ನೂ ಕೊಡುತ್ತದೆ. ಲೈಮನ್ ತನ್ನ ಅಚ್ಚುಗಳ ಅಳತೆಗೆ ಆಧಾರವಾಗಿಟ್ಟುಕೊಂಡಿರುವುದು ಸೀಸ 90, ತವರ 5, ಆಂಟಿಮನಿ 5 ಭಾಗದ ತನ್ನದೇ ಎರಡನೇ ಸಂಖ್ಯೆಯ ಮಿಶ್ರಲೋಹವನ್ನು. ಹಿಂದೆ ಬಹುತೇಕ ಎಲ್ಲರೂ ಬಳಸುತ್ತಿದ್ದುದು ವಾಹನದ ಚಕ್ರಕ್ಕೆ ಬಡಿಯುವ ತೂಕದ ತುಂಡುಗಳನ್ನು. ಹಲವು ರಾಜ್ಯಗಳು ಸೀಸದ ತುಂಡುಗಳನ್ನು ನಿಷೇಧಿಸಿದ ಮೇಲೆ ಈಗ ಗುಜರಿಯಲ್ಲಿ ಸಿಗುವ ರಾಶಿಯಲ್ಲಿ ಸತುವಿನವೂ ಬೆರೆತಿರುತ್ತವೆ. ಸತು 419 ಡಿಗ್ರಿಯಲ್ಲಿ ಕರಗುವುದರಿಂದ ಕಡಾಯಿಯ ಶಾಖ ಮಿತಿಯಲ್ಲಿದ್ದರೆ ಅದು ತೇಲುತ್ತದೆ, ತೆಗೆದುಹಾಕಬಹುದು. ಬೆರೆತುಹೋದರೆ ಲೋಹ ಮಂದವಾಗಿ ಅಚ್ಚು ತುಂಬುವುದೇ ಇಲ್ಲ. ಅಂಥ ಹೊತ್ತಿನಲ್ಲಿ ದೂರು ಕೇಳಬೇಕಾಗುವುದು ಪಾಪದ ಅಚ್ಚು.

ಕಳೆದ ಕೆಲವು ವರ್ಷಗಳಲ್ಲಿ ಈ ನಿಖರತೆಯ ವಾದದ ತೂಕ ಕಡಿಮೆಯಾಗಿದೆ. ಗುಂಡಿಗೆ ಪೌಡರ್ ಕೋಟಿಂಗ್ (ಪುಡಿ ಬಣ್ಣದ ಲೇಪನ) ಮಾಡಿ ಒಲೆಯಲ್ಲಿ ಬೇಯಿಸುವ ಪದ್ಧತಿ ಹಬ್ಬಿದ ಮೇಲೆ, ಲೇಪನದಿಂದಲೇ ವ್ಯಾಸ ಇಂಚಿನ ಸಾವಿರದ ಒಂದೆರಡು ಭಾಗ ಹೆಚ್ಚುತ್ತದೆ, ಆಮೇಲೆ ಡೈಯಲ್ಲಿ ತಳ್ಳಿದರೆ ಅಂಡಾಕಾರವೂ ಸರಿಹೋಗುತ್ತದೆ. ಪಿಸ್ತೂಲಿನಿಂದ 25 ಗಜ ದೂರದ ಗುರಿಗೆ ಹೊಡೆಯುವವನು ಇದನ್ನು ಬಳಸಿದರೆ ಅಗ್ಗದ ಅಚ್ಚಿಗೂ ದುಬಾರಿ ಅಚ್ಚಿಗೂ ಇರುವ ವ್ಯತ್ಯಾಸವನ್ನು ಕಾಗದದ ಮೇಲೆ ತೋರಿಸಲಾರನು. ನೂರು ಗಜ, ಇನ್ನೂರು ಗಜ ದೂರಕ್ಕೆ ರೈಫಲಿನಲ್ಲಿ ಸೀಸದ ಗುಂಡು ಹಾರಿಸುವವನ ಕಥೆ ಬೇರೆ. ಅಲ್ಲಿ ತಳದ ಅಂಚು ಎಷ್ಟು ಚೂಪಾಗಿದೆ, ಎರಡು ಅರ್ಧಗಳು ಎಷ್ಟು ಕರಾರುವಾಕ್ಕಾಗಿ ಕೂಡಿವೆ ಎಂಬುದು ಗುರಿಯ ಹಲಗೆಯಲ್ಲಿ ನೇರವಾಗಿ ಕಾಣುತ್ತದೆ.

ಎರಡು ಕುಳಿಯೋ, ಆರು ಕುಳಿಯೋ

ಒಂದು ಪೌಂಡು ಎಂದರೆ 7000 ಗ್ರೇನ್. ಹಾಗಾಗಿ 125 ಗ್ರೇನ್ ತೂಕದ ಒಂಬತ್ತು ಮಿಲಿಮೀಟರ್ ಗುಂಡುಗಳು ಪೌಂಡಿಗೆ 56 ಬರುತ್ತವೆ. ನಿಮಿಷಕ್ಕೆ ಮೂರು ಸಲ ಅಚ್ಚು ತುಂಬಿ ಬಿಡಿಸುವ ಲಯ ಇಟ್ಟುಕೊಂಡರೆ ಎರಡು ಕುಳಿಯ ಅಚ್ಚು ತಾಸಿಗೆ 360 ಗುಂಡು ಕೊಡುತ್ತದೆ. ಆರು ಕುಳಿಯದು ಅದೇ ಲಯದಲ್ಲಿ ಸಾವಿರದ ಮೇಲೆ ಹೋಗಬೇಕು. ತುಂಬಲು ತುಸು ಹೆಚ್ಚು ಹೊತ್ತು ಹಿಡಿಯುವುದರಿಂದ ನಿಜದಲ್ಲಿ ಅಷ್ಟಾಗದಿದ್ದರೂ ಎರಡರಷ್ಟಂತೂ ಆಗಿಯೇ ಆಗುತ್ತದೆ. ಲೀ ಕಂಪನಿಯ ಸರಕುಗಳಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಬೆಲೆಬಾಳುವುದು ಈ ಆರು ಕುಳಿಯ ಅಚ್ಚು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಅದರ ತುಂಡುಗಳು ದಪ್ಪ, ಸ್ಪ್ರೂ ಪ್ಲೇಟೂ ದಪ್ಪ, ಶಾಖ ಹೆಚ್ಚು ಹೊತ್ತು ನಿಲ್ಲುತ್ತದೆ. ಹಿಡಿಕೆಯನ್ನು ಬೇರೆಯಾಗಿ ಕೊಳ್ಳಬೇಕು, ಆದರೆ ಒಂದೇ ಹಿಡಿಕೆ ಆ ಮಾದರಿಯ ಎಲ್ಲ ಅಚ್ಚುಗಳಿಗೂ ನಡೆಯುತ್ತದೆ. ಇದೇ ಲೆಕ್ಕ ಕಬ್ಬಿಣದ ಅಚ್ಚುಗಳಿಗೂ ಅನ್ವಯಿಸುತ್ತದೆ: ಮೊದಲ ಅಚ್ಚು ದುಬಾರಿ ಎನಿಸುತ್ತದೆ, ನಾಲ್ಕನೆಯದನ್ನು ಕೊಳ್ಳುವ ಹೊತ್ತಿಗೆ ಹಿಡಿಕೆಯ ಖರ್ಚು ಹಂಚಿಹೋಗಿರುತ್ತದೆ. ಲೀ ಎರಡು ಕುಳಿಯದರಲ್ಲಿ ಪ್ರತಿ ಸಲವೂ ಹಿಡಿಕೆಗೆ ಹಣ ಕೊಡುತ್ತೀರಿ, ಆದರೆ ಒಟ್ಟು ಮೊತ್ತ ಅಷ್ಟು ಕಡಿಮೆಯಿರುವಾಗ ಆ ಆಕ್ಷೇಪಣೆಗೆ ಬಲವಿಲ್ಲ.

ಎರಡು ಕುಳಿಯ ಅಗ್ಗದ ಅಚ್ಚಿನ ಸರಿಯಾದ ಬಳಕೆ ಪರೀಕ್ಷೆಗೆ. ಒಂದು ವಿನ್ಯಾಸ ನಿಮ್ಮ ಬಂದೂಕಿಗೆ ಹೊಂದುತ್ತದೆಯೋ ಇಲ್ಲವೋ ಎಂದು ತಿಳಿಯಲು ಅದಕ್ಕಿಂತ ಕಡಿಮೆ ಖರ್ಚಿನ ದಾರಿಯಿಲ್ಲ. ಹೊಂದಿದರೆ ಆರು ಕುಳಿಯದಕ್ಕೆ ಹೋಗಬಹುದು, ಹೊಂದದಿದ್ದರೆ ನಷ್ಟ ಸಣ್ಣದು.

ಹಿತ್ತಾಳೆಯ ಬಗ್ಗೆ ಎರಡೇ ಮಾತು. ಅದು ಶಾಖವನ್ನು ಸಾಗಿಸುವುದರಲ್ಲಿ ಅಲ್ಯೂಮಿನಿಯಮಿಗೂ ಕಬ್ಬಿಣಕ್ಕೂ ನಡುವೆ ನಿಲ್ಲುತ್ತದೆ, ತುಕ್ಕು ಹಿಡಿಯುವುದಿಲ್ಲ, ಅಂಚುಗಳು ಬಹಳ ಚೊಕ್ಕಟವಾಗಿ ಬರುತ್ತವೆ. ಆದರೆ ಭಾರ ಹೆಚ್ಚು, ಕರಗಿದ ಲೋಹವನ್ನು ಶುದ್ಧಗೊಳಿಸಲು ಹಾಕುವ ಫ್ಲಕ್ಸ್ ತಾಗಿದ ಜಾಗದಲ್ಲಿ ತವರ ಬೆರೆತ ಸೀಸ ಬೆಸುಗೆಯಂತೆ ಅಂಟಿಬಿಡುವ ಅಪಾಯವಿದೆ. ಅಕ್ಯುರೇಟ್ ಮೋಲ್ಡ್ಸ್‌ನಂಥವರು ಗ್ರಾಹಕನಿಗೆ ಬೇಕಾದ ಲೋಹದಲ್ಲಿ, ಬೇಕಾದ ವ್ಯಾಸದಲ್ಲಿ ಮಾಡಿಕೊಡುತ್ತಾರೆ. ನಳಿಗೆಯ ಅಳತೆ ವಿಚಿತ್ರವಾಗಿರುವ ಹಳೆಯ ಸೈನಿಕ ರೈಫಲುಗಳ ಒಡೆಯನಿಗೆ ಆ ಸೇವೆ ದುಬಾರಿಯಲ್ಲ, ಏಕೆಂದರೆ ಅವನ ಕೆಲಸಕ್ಕೆ ಬರುವ ಅಳತೆ ಅಗ್ಗದ ಪಟ್ಟಿಯಲ್ಲಿ ಇರುವುದೇ ಇಲ್ಲ.

ಅಚ್ಚು ಯಾವುದೇ ಆಗಲಿ, ಸೀಸ ವಿಷವೆಂಬುದು ಬದಲಾಗುವುದಿಲ್ಲ. ಗಾಳಿಯಾಡುವ ಜಾಗ, ಹತ್ತಿರ ಎಲ್ಲೂ ನೀರಿಲ್ಲದ ಮೇಜು, ಕಣ್ಣಿಗೆ ರಕ್ಷಣೆ, ಕೆಲಸ ಮುಗಿದ ಮೇಲೆ ಕೈ ತೊಳೆದು ಬಟ್ಟೆ ಬದಲಿಸುವುದು, ಮಕ್ಕಳನ್ನು ದೂರವಿಡುವುದು, ಇವು ಅಚ್ಚಿನ ಬೆಲೆಯ ಜೊತೆಗೇ ಲೆಕ್ಕಕ್ಕೆ ಬರಬೇಕಾದ ಖರ್ಚುಗಳು. ಕರಗಿದ ಸೀಸದ ಮೇಲಿನ ಬೂದಿಯಂಥ ಕಿಟ್ಟದ ಧೂಳು ಅತಿ ಅಪಾಯಕಾರಿ. ಅದನ್ನು ಬರಿಗೈಯಲ್ಲಿ ಮುಟ್ಟಬಾರದು, ಒಣ ಪೊರಕೆಯಿಂದ ಗುಡಿಸಲೂಬಾರದು.

ಹಳೆಯ ಕಬ್ಬಿಣದ ಅಚ್ಚು

ಕಡಿಮೆ ಬೆಲೆ ಎಂದಾಕ್ಷಣ ಹೊಸ ಅಲ್ಯೂಮಿನಿಯಂ ಎಂದೇ ಅರ್ಥ ಮಾಡಿಕೊಳ್ಳಬೇಕಾಗಿಲ್ಲ. ಗನ್ ಷೋಗಳಲ್ಲಿ, ಹವ್ಯಾಸ ಬಿಟ್ಟವರ ಗ್ಯಾರೇಜ್ ಮಾರಾಟಗಳಲ್ಲಿ ಐಡಿಯಲ್ ಮತ್ತು ಲೈಮನ್ ಹೆಸರಿನ ಹಳೆಯ ಅಚ್ಚುಗಳು ಸಿಗುತ್ತವೆ. ಕೆಲವೊಮ್ಮೆ ಲೀ ಎರಡು ಕುಳಿಯದರ ಬೆಲೆಗೆ ಸ್ವಲ್ಪವೇ ಮೇಲೆ. ಹತ್ತಾರು ವರ್ಷ ದುಡಿದ ಕಬ್ಬಿಣದ ಅಚ್ಚು ಚೆನ್ನಾಗಿ ಉಳಿದಿದ್ದರೆ ಇನ್ನೂ ಅಷ್ಟು ವರ್ಷ ದುಡಿಯಬಲ್ಲದು. ಆದರೆ ಕೊಳ್ಳುವ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡಬೇಕು. ಎರಡು ಅರ್ಧಗಳನ್ನು ಮುಚ್ಚಿದಾಗ ನಡುವೆ ಬೆಳಕಿನ ಗೆರೆ ಕಾಣುತ್ತದೆಯೇ? ಕುಳಿಯ ಅಂಚಿನಲ್ಲಿ ಗಾಯಗಳಿವೆಯೇ? ಹಿಂದಿನ ಒಡೆಯ ಅಂಟಿದ ಗುಂಡನ್ನು ಸ್ಕ್ರೂಡ್ರೈವರಿನಿಂದ ಕಿತ್ತಿದ್ದರೆ ಅದು ಅಲ್ಲಿಯೇ ಗೊತ್ತಾಗುತ್ತದೆ. ಗಾಳಿ ಹೊರಹೋಗುವ ಸಣ್ಣ ಗೆರೆಗಳು ಕಿಟ್ಟದಿಂದ ಮುಚ್ಚಿದ್ದರೆ ಸ್ವಚ್ಛಗೊಳಿಸಬಹುದು, ಬಡಿತದಿಂದ ಚಪ್ಪಟೆಯಾಗಿದ್ದರೆ ಆಗದು. ಮೇಲ್ಮೈಯ ತೆಳು ಕೆಂಪು ತುಕ್ಕಿಗೆ ಹೆದರಬೇಕಾಗಿಲ್ಲ. ಕುಳಿಯೊಳಗೆ ತುಕ್ಕು ತಿಂದ ಗುಳಿಗಳಿದ್ದರೆ ಗುಂಡು ಅವುಗಳಿಗೆ ಸಿಕ್ಕಿಕೊಂಡು ಬೀಳುವುದೇ ಇಲ್ಲ. ಸ್ಪ್ರೂ ಪ್ಲೇಟ್ ಬಾಗಿದ್ದರೆ ಚಿಂತೆಯಿಲ್ಲ, ಅದು ಬದಲಿಸಬಹುದಾದ ಭಾಗ. ಹಿಂದಿನವರು ಕುಳಿಯನ್ನು ಉಜ್ಜಿ ದೊಡ್ಡದು ಮಾಡಿದ್ದಾರೆಯೇ ಎಂಬುದು ಮಾತ್ರ ನೋಡಿದರೆ ತಿಳಿಯದು. ಮಾರುವವನ ಬಳಿ ಅದೇ ಅಚ್ಚಿನಲ್ಲಿ ಹೊಯ್ದ ಒಂದೆರಡು ಗುಂಡುಗಳಿದ್ದರೆ ಕೇಳಿ ಪಡೆದು ಅಳೆಯಬೇಕು, ಇಲ್ಲದಿದ್ದರೆ ಆ ಅನಿಶ್ಚಿತತೆಗೆ ತಕ್ಕಂತೆ ಬೆಲೆ ಇಳಿಸಬೇಕು. ಹಿಡಿಕೆಯಿಲ್ಲದ ಒಂದೇ ಕುಳಿಯ ಹಳೆಯ ಅಚ್ಚಿಗೆ ಲೀ ಕಂಪನಿಯ ಹೊಸ ಎರಡು ಕುಳಿಯದಕ್ಕಿಂತ ಹೆಚ್ಚು ಕೇಳಿದರೆ, ಅದು ಬೇರೆಲ್ಲೂ ಸಿಗದ ರೈಫಲ್ ವಿನ್ಯಾಸವಾಗಿದ್ದ ಹೊರತು, ಅಲ್ಲಿಯೇ ಬಿಟ್ಟು ಬರುವುದು ಲೇಸು.